ಹುಕ್ಕೇರಿಗೆ ಹೋಗಿದ್ದ ಪ್ರೊಸೆಸರು

ಬೀದಿಯಲ್ಲಿ ಬಿದ್ದ ಸ್ಕ್ರೂ ಕಂಡರೆ ನನಗೆ ದಾಟಿ ಹೋಗಲು ಬರುವುದಿಲ್ಲ. ಐವತ್ತಾರು ವರ್ಷದ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಕಾಯಿಪಲ್ಲೆಯ ಚೀಲ. ಗೋಕಾಕದ ಪೇಟೆಯ ನಟ್ಟನಡುವೆ ಗಕ್ಕನೆ ನಿಂತು, ಬಗ್ಗಿ, ಏನನ್ನೋ ಹೆಕ್ಕಿ ಕಣ್ಣಿನ ಹತ್ತಿರ ಹಿಡಿದು ನೋಡುತ್ತಾಳೆ ಎಂದರೆ ಹಿಂದೆ ಬರುತ್ತಿದ್ದವರೂ ನಿಲ್ಲುತ್ತಾರೆ. ಬಂಗಾರವೇನಾದರೂ ಸಿಕ್ಕಿತೇ ಎಂದು ಇಣುಕುತ್ತಾರೆ. ಸ್ಕ್ರೂ ಎಂದು ತಿಳಿದ ಮೇಲೆ ಅವರು ನನ್ನನ್ನು ನೋಡುವ ರೀತಿಯೇ ಬೇರೆ. ನಾನು ಮಾತ್ರ ಅದನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಮುಂದೆ ನಡೆಯುತ್ತೇನೆ. ಮನೆಯಲ್ಲಿ ಇಂಥವು ಎರಡು ಡಬ್ಬಿ ತುಂಬಿವೆ. ಬೇಕಾದಾಗ ಬೇಕಾದ ಅಳತೆಯದು ಅವುಗಳಲ್ಲಿ ಒಂದು ಸಲವೂ ಸಿಕ್ಕಿಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಈ ಚಟ ನನ್ನ ತಂದೆಯಿಂದ ಬಂದದ್ದು. ಅಬ್ಬಾ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಉಳಿದುಹೋಗಿದ್ದ ಒಂದು ಸಂದಿ, ಅಷ್ಟೇ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ಕಣ್ಣಿಗೆ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಕೈಗಡಿಯಾರ ಬಿಚ್ಚತೊಡಗಿದರೆ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂಡಬೇಕಿತ್ತು. ಒಳಗಿನ ಸ್ಕ್ರೂಗಳು ಸಾಸಿವೆಗಿಂತ ಸಣ್ಣವು. ಒಮ್ಮೆ ನಾನು ಸೀನಿಬಿಟ್ಟೆ. ಆ ಮಧ್ಯಾಹ್ನವಿಡೀ ಅಪ್ಪ ಮಕ್ಕಳೆಲ್ಲ ಸೇರಿ ನೆಲವನ್ನು ಅಂಗೈಯಿಂದ ಗುಡಿಸಿದೆವು. ಕೊನೆಗೆ ಸ್ಕ್ರೂ ಸಿಕ್ಕಿದ್ದು ಅಬ್ಬಾನ ಗಡ್ಡದಲ್ಲಿ. ಅವರು ಬೈಯಲಿಲ್ಲ. ಮರುದಿನದಿಂದ ನನಗೂ ಒಂದು ಹಳೆಯ ಅಲಾರಂ ಗಡಿಯಾರ ಕೊಟ್ಟು ಬಿಚ್ಚಲು ಕೂರಿಸಿದರು. ಬಿಚ್ಚುವುದನ್ನು ನಾನು ಬೇಗ ಕಲಿತೆ. ಮರಳಿ ಜೋಡಿಸುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ನನ್ನ ಹೆಸರು ಶಮಶಾದ. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಕ್ಷರ ಜೋಡಿಸುವ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಅಂಗಡಿಯ ಕರಪತ್ರ, ಅರಭಾವಿ ಕಾಲೇಜಿನಲ್ಲಿ ತೋಟಗಾರಿಕೆ ಓದುವವರ ಪ್ರಬಂಧಗಳು. ಮೆಣಸಿನಕಾಯಿಗೆ ಬರುವ ರೋಗಗಳ ಬಗ್ಗೆ ನನಗೆ ಈಗ ಎಷ್ಟು ಗೊತ್ತಿದೆಯೆಂದರೆ ಸಂತೆಯಲ್ಲಿ ಮಾರುವವರು ನನ್ನನ್ನು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಾರೆ. ವರ್ಷಕ್ಕೊಂದು ಪುಸ್ತಕದ ಕೆಲಸವೂ ಬರುತ್ತದೆ. ಈ ವರ್ಷದ್ದು ಮಮದಾಪುರದ ಕಲ್ಲಪ್ಪ ಮಾಸ್ತರರ ಮಕ್ಕಳ ಪದ್ಯಗಳು. ಮಾಸ್ತರರು ನಿವೃತ್ತರಾಗಿ ಹತ್ತಾರು ವರ್ಷಗಳಾದವು. ಪಾಠ ಹೇಳುವಾಗ ಕಟ್ಟಿದ ಪದ್ಯಗಳನ್ನೆಲ್ಲ ಈಗ ಒಟ್ಟು ಮಾಡಿದ್ದರು. ಒಂದೊಂದು ಪದ್ಯಕ್ಕೂ ಊರಿನ ಮಕ್ಕಳೇ ಬಣ್ಣದ ಚಿತ್ರ ಬರೆದುಕೊಟ್ಟಿದ್ದರು. ಶನಿವಾರ ಪುಟಗಳು ಅಚ್ಚಿಗೆ ಹೋಗಬೇಕು, ಅದರ ಮುಂದಿನ ವಾರದ ರವಿವಾರ ಮಾಸ್ತರರ ಹಳೆಯ ಶಾಲೆಯಲ್ಲಿ ಬಿಡುಗಡೆ.

ಆ ಚಿತ್ರಗಳ ಭಾರಕ್ಕೆ ನನ್ನ ಕಂಪ್ಯೂಟರ್ ಕುಸಿಯಿತು. ಒಂದು ಪುಟ ಸರಿಯುವಷ್ಟರಲ್ಲಿ ನಾನು ಒಳಗೆ ಹೋಗಿ ಒಂದು ಸೇರು ಅಕ್ಕಿ ಆರಿಸಿ ಬರಬಹುದಿತ್ತು. ಅದಕ್ಕೆ ಹೊಸ ಪ್ರೊಸೆಸರ್ ಹಾಕಬೇಕೆಂದು ನಿಶ್ಚಯಿಸಿದೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ತಲೆ. ನೋಡಲು ಅಂಗೈಯಲ್ಲಿ ಹಿಡಿಸುವ ಒಂದು ಚೌಕ ಬಿಲ್ಲೆ. ಅದರ ಹೊಟ್ಟೆಯ ಕೆಳಗೆ ಸಾವಿರಕ್ಕೂ ಮಿಕ್ಕಿ ಕೂದಲೆಳೆಯಂಥ ಕಾಲುಗಳು. ಅವು ಒಳಗಿನ ಬೋರ್ಡು ಎಂಬ ಹಲಗೆಯಲ್ಲಿ ಕೂಡಬೇಕು. ಸೋಮವಾರ ಹಳೆಯದನ್ನು ಕಿತ್ತು, ಕಿವಿಯೋಲೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ಮೂಡಲಗಿಯ ಬಸ್ಸು ಹತ್ತಿದೆ. ಅಲ್ಲಿ ಈರಣ್ಣ ಎಂಬುವನ ಅಂಗಡಿ ಇದೆ. ಹಳೆಯದನ್ನು ಕೊಟ್ಟರೆ ಇಟ್ಟುಕೊಳ್ಳುತ್ತಾನೆ, ಹೊಸದನ್ನು ಕೊಡುತ್ತಾನೆ.

"ಅಕ್ಕಾರ, ನಿಮ್ಮ ಬೋರ್ಡ್ ಹಳೇದೈತಿ. ಬಯೋಸ್ ಅಪ್ಡೇಟ್ ಮಾಡೀರಿಲ್ರಿ?" ಎಂದು ಈರಣ್ಣ ಕೇಳಿದ.

ಇಲ್ಲಿ ನಾನು ಒಂದು ಮಾತು ಕೇಳಬೇಕಿತ್ತು: ಹಾಗೆಂದರೇನಪ್ಪಾ? ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಕಂಪ್ಯೂಟರ್ ಬಿಚ್ಚುವ ಹೆಂಗಸು ಎಂದು ಅವರು ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು.

"ಎಲ್ಲಾ ಆಗೈತಿ. ನೀ ಕೊಡು," ಎಂದೆ.

ಮಂಗಳವಾರ ಬೆಳಿಗ್ಗೆ ನನ್ನ ಯಜಮಾನರು ಇಕ್ಬಾಲ್ ಟಾರ್ಚು ಹಿಡಿದು ನಿಂತರು. ಅವರು ಹಿಡಕಲ್ ಡ್ಯಾಮಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಯಾವುದೇ ಯಂತ್ರದ ಮುಂದೆ ಅವರಿಗೆ ಒಂದು ಗಾಂಭೀರ್ಯ ಬರುತ್ತದೆ.

"ನಮ್ಮ ಗೇಟಿಗೂ ಇಷ್ಟ ಸ್ಕ್ರೂ ಇದ್ದಿಲ್ಲ," ಎಂದರು.

"ಟಾರ್ಚ್ ಅಲುಗಾಡಸಬ್ಯಾಡ್ರಿ."

ಬಿಲ್ಲೆಯನ್ನು ಅದರ ಮನೆಯಲ್ಲಿ ಕೂರಿಸಿ, ಮೇಲೆ ಬೂದು ಬಣ್ಣದ ಅಂಟು ಸವರಿ, ಫ್ಯಾನು ಬಿಗಿದೆ. ಆ ಅಂಟು ಬಟಾಣಿ ಕಾಳಿನಷ್ಟು ಸಾಕು ಎಂದು ಹೇಳುತ್ತಾರೆ. ನಾನು ರೊಟ್ಟಿಗೆ ಬೆಣ್ಣೆ ಹಚ್ಚುವ ಕೈಯವಳು, ಸ್ವಲ್ಪ ಹೆಚ್ಚಾಯಿತು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೆ ನಿಂತಿತು. ಎರಡು ನಿಮಿಷ ಕಾದೆವು. ಆಮೇಲೆ ಐದು.

"ಹೊಸಾದೈತಲ್ಲ, ನಾಚಿಕೀ ಪಡತೈತಿ," ಎಂದರು ಇಕ್ಬಾಲ್.

ಅಂದು ಮತ್ತು ಮರುದಿನ ನಾನು ಮಾಡದ ಉಪಾಯವಿಲ್ಲ. ಅಬ್ಬಾನ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಲ್ಲೆಯ ಕಾಲುಗಳನ್ನೆಲ್ಲ ಸಾಲುಸಾಲಾಗಿ ನೋಡಿದೆ; ಒಂದೂ ಬಾಗಿರಲಿಲ್ಲ. ಹೆಚ್ಚಾದ ಅಂಟನ್ನು ಒರೆಸಿ ಹೊಸದಾಗಿ ಹಚ್ಚಿದೆ. ಮೆಮರಿ ಪಟ್ಟಿಯನ್ನು ತೆಗೆದು ಅದರ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಆ ರಬ್ಬರಿನ ವಾಸನೆಗೆ ನಾನು ನೇರವಾಗಿ ನಾಲ್ಕನೆಯ ಇಯತ್ತೆಗೆ ಹೋಗಿಬಿಟ್ಟೆ. ಆಗ ನಮ್ಮ ಶಾಲೆಯಲ್ಲಿ ಸುವಾಸನೆಯ ರಬ್ಬರು ಬಂದಿದ್ದವು, ಮೂಸಂಬಿ ವಾಸನೆಯವು. ಅಳಿಸುವುದಕ್ಕಿಂತ ಮೂಸುವುದೇ ಹೆಚ್ಚಾಗಿ, ನನ್ನ ಪಕ್ಕದವಳು ಒಂದನ್ನು ತಿಂದೇಬಿಟ್ಟಿದ್ದಳು. ಇಕ್ಬಾಲ್ ಕರೆದಾಗಲೇ ನಾನು ಮರಳಿ ಗೋಕಾಕಕ್ಕೆ ಬಂದದ್ದು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಪ್ರೊಸೆಸರಿನ ಪಕ್ಕದಲ್ಲೇ ಸಿಕ್ಕಿಸಬೇಕಾದ ಕರೆಂಟಿನ ವೈರು ಸಿಕ್ಕಿಸಿಯೇ ಇಲ್ಲ ಎಂಬುದು ಬುಧವಾರ ಮಧ್ಯಾಹ್ನ ಕಣ್ಣಿಗೆ ಬಿದ್ದಾಗ, ಸಿಕ್ಕಿತು ಎಂದು ಕೂಗಿದೆ. ಅದನ್ನು ಸಿಕ್ಕಿಸಿದೆ. ಫ್ಯಾನು ಮೊದಲಿಗಿಂತ ಹುರುಪಿನಿಂದ ತಿರುಗಿತು. ಪರದೆ ಮತ್ತೆ ಕಪ್ಪೇ.

ಮಾನ ಬಿಟ್ಟು ಈರಣ್ಣನಿಗೆ ಫೋನು ಮಾಡಿದೆ.

"ನಾ ಅವತ್ತ ಕೇಳಿದ್ನಲ್ರಿ," ಎಂದ ಅವನು. ಬಹಳ ಮರ್ಯಾದೆಯಿಂದಲೇ ಹೇಳಿದ. "ಬೋರ್ಡಿನ್ಯಾಗ ಬಯೋಸ್ ಅಂತ ಒಂದ ಸಣ್ಣ ನೆನಪ ಇರತೈತಿ. ಯಾವ್ಯಾವ ಪ್ರೊಸೆಸರ್ ತನ್ನಾವು ಅಂತ ಅದರಾಗ ಬರದಿರತಾರ. ನಿಮ್ಮ ಬೋರ್ಡ್ ಮಾಡಿದಾಗ ಈ ಹೊಸಾದು ಹುಟ್ಟೇ ಇದ್ದಿಲ್ಲ. ಗುರುತ ಹೆಂಗ ಹಿಡೀಬೇಕ್ರಿ? ಹಳೇದನ್ನ ಹಾಕಿ ಚಾಲೂ ಮಾಡ್ರಿ, ಬಯೋಸ್ ಹೊಸಾದ ಮಾಡ್ರಿ, ಆಮ್ಯಾಲ ಇದನ್ನ ಹಾಕ್ರಿ. ಅರ್ಧಾ ತಾಸಿನ ಕೆಲಸ."

"ಹಳೇದು ನಿನ್ನ ಕಡೇನ ಐತಲ್ಲೊ."

"ಅದು ನಿನ್ನೇನ ಹೋತ್ರಿ. ಹುಕ್ಕೇರಿ ಟೀಚರೊಬ್ಬರು ಕೇಳಿದ್ರು, ಕೊಟ್ಟ ಬಂದೆ. ಅಂಥಾದ ಇನ್ನೊಂದ ತರಸಾಕ ಹತ್ತ ದಿವಸ ಬೇಕು. ಅವರ ಕಡೆ ಹೋದ್ರ ಒಂದ ತಾಸಿಗೆ ಕೊಟ್ಟಾರು. ಭಾಳ ಚೊಲೊ ಮಂದಿ. ಮಹಾದೇವಿ ಟೀಚರ್ ಅಂತ."

ನಾನು ಫೋನು ಹಿಡಿದುಕೊಂಡೇ ಕುಳಿತೆ. ನೀವು ಇದನ್ನು ಕಾಕತಾಳೀಯ ಎನ್ನಬಹುದು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸೇರಿಸಿದರೂ ತಮ್ಮ ಕಂಪ್ಯೂಟರನ್ನು ತಾವೇ ಬಿಚ್ಚುವ ಹೆಂಗಸರು ಎಷ್ಟು ಜನ ಇರಬೇಕು? ನನಗೆ ತಿಳಿದಂತೆ ಇಬ್ಬರು. ಒಬ್ಬಳು ನಾನು, ಇನ್ನೊಬ್ಬಳು ಮಹಾದೇವಿ. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾವು ಒಂದೇ ತಾಟಿನಲ್ಲಿ ಉಂಡವರು. ಗೋಕಾಕದಲ್ಲಿ ಒಂದು ಕಾಳಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಶಾಲೆ ತೆರೆದಿದ್ದೆವು. ಇದ್ದದ್ದು ಎರಡು ಯಂತ್ರ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಒಳಗೆ ಬರಬೇಕು ಎಂಬುದು ಮಹಾದೇವಿಯ ಕಾಯಿದೆ. ಪರದೆಗಳಿಗೆ ಅವಳೇ ಝಾಲರಿ ಇಟ್ಟು ಹೊಲಿದ ಮುಸುಕು. ಸಂಜೆ ಮುಸುಕು ಹಾಕಿದ ಮೇಲೆ ಕೋಣೆಯಲ್ಲಿ ಇಬ್ಬರು ಮದುಮಗಳಂದಿರು ಕುಳಿತಂತೆ ಕಾಣುತ್ತಿತ್ತು. ಯಂತ್ರ ಕೆಟ್ಟರೆ ನಾನು ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ, ಅವಳು ಮೊದಲು ಪುಸ್ತಕ ಹುಡುಕುತ್ತಿದ್ದಳು. ಅವಳು ಓದಿ ಮುಗಿಸುವಷ್ಟರಲ್ಲಿ ನಾನು ಬಿಚ್ಚಿ ಮುಗಿಸಿರುತ್ತಿದ್ದೆ. ನಾನು ಬಿಚ್ಚಿದ್ದನ್ನು ಅವಳು ಓದಿದ್ದರ ಪ್ರಕಾರ ಇಬ್ಬರೂ ಕೂಡಿ ಜೋಡಿಸುತ್ತಿದ್ದೆವು. ಮುಂದೆ ಅವಳ ಯಜಮಾನರಿಗೆ ಹುಕ್ಕೇರಿಗೆ ಬದಲಿಯಾಯಿತು. ಅವಳು ಅಲ್ಲಿ ಶಾಲೆ ಸೇರಿದಳು. ನಾನು ಲಗ್ನಪತ್ರಿಕೆಗೆ ಇಳಿದೆ.

ಆರು ವರ್ಷದ ಹಿಂದೆ ಅವಳ ಮಗಳ ಲಗ್ನ. ಕಾರ್ಡು ಮಾಡಬೇಕಾದವಳು ನಾನಲ್ಲದೆ ಇನ್ನಾರು? ಆಗಷ್ಟೇ ನಾನು ಕಂಪ್ಯೂಟರಿನಲ್ಲಿ ಹಳೆಯ ನಮೂನೆಯ ಕನ್ನಡ ಅಕ್ಷರಗಳಿಂದ ಹೊಸ ನಮೂನೆಗೆ ಬದಲಾಗಿದ್ದೆ. ಹಾಗೆ ಬದಲಿಸುವಾಗ ಒತ್ತಕ್ಷರಗಳು ತಮ್ಮ ತಮ್ಮ ಜಾಗ ಬಿಟ್ಟು ಎಲ್ಲೆಲ್ಲೋ ಹೋಗಿ ಕೂಡುತ್ತವೆ. ಎಲ್ಲವನ್ನೂ ಹುಡುಕಿ ತಿದ್ದಿದೆ. ಒಂದು ಉಳಿಯಿತು. ಕಾರ್ಡಿನ ಕೊನೆಯಲ್ಲಿ, ಬಂಗಾರದ ಬಣ್ಣದಲ್ಲಿ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ‘ಸರ್ವರಿಗೂ ಸುಸ್ವಾಗತ’ ಎಂದು ಇರಬೇಕಾದಲ್ಲಿ ‘ಸರ್ವರಿಗೂ ಸುಸ್ತಾಗತ’ ಎಂದು ಅಚ್ಚಾಯಿತು.

ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಪೂರ್ತಿ ಅರ್ಥವಿದೆ ಎಂಬುದೇ ದೊಡ್ಡ ತೊಂದರೆ. ಕಾರ್ಡು ಹಂಚಿ ಆದ ಮೇಲೆ ಅವಳ ಬೀಗರು ಫೋನು ಮಾಡಿ, ಲಗ್ನಕ್ಕೆ ಬಂದರೆ ಎಲ್ಲರಿಗೂ ಸುಸ್ತು ಆಗುತ್ತದೇನು ಎಂದು ಕೇಳಿದರಂತೆ. ಮಹಾದೇವಿ ಅಳುತ್ತಾ ನನಗೆ ಫೋನು ಮಾಡಿದಳು. ಕೇಳಿದ ಕೂಡಲೇ ನನಗೆ ನಗೆ ಬಂತು. ತಡೆಯಬೇಕಿತ್ತು, ತಡೆಯಲಾಗಲಿಲ್ಲ. ಅವಳು ಫೋನು ಇಟ್ಟಳು. ನಗು ನಿಂತ ಮೇಲೆ ನನಗೆ ನಾಚಿಕೆ ಶುರುವಾಯಿತು. ಇವತ್ತು ಮಾತಾಡೋಣ, ನಾಳೆ ಮಾತಾಡೋಣ ಎನ್ನುತ್ತ ಲಗ್ನದ ದಿನವೇ ಬಂತು. ಮನೆಯಲ್ಲಿ ಜ್ವರ ಎಂದು ಹೇಳಿ ಚಾದರ ಹೊದ್ದು ಮಲಗಿದೆ. ಅಲ್ಲಿಂದ ಮುಂದೆ ಅವಳೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಇಕ್ಬಾಲರಿಗೆ ವಿಷಯ ಹೇಳಿದೆ. ಅವರು ಚಹಾ ಮುಗಿಸಿ ಬಸಿ ಕೆಳಗಿಟ್ಟು, "ಮಾಸ್ತರಿಗೆ ಪುಸ್ತಕ ಆಗಂಗಿಲ್ಲ ಅಂತ ಹೇಳಾಕ ಯಾರ ಹೋಗ್ತಾರ? ನೀನೋ, ನಾನೋ?" ಎಂದು ಕೇಳಿದರು. ಕಲ್ಲಪ್ಪ ಮಾಸ್ತರರು ದಿನಕ್ಕೆರಡು ಸಲ ಫೋನು ಮಾಡಿ ಪುಟ ಎಷ್ಟಾದವು ಎಂದು ಕೇಳುತ್ತಿದ್ದರು. ಅವರಿಗೆ ಇಲ್ಲ ಎನ್ನುವುದಕ್ಕಿಂತ ಮಹಾದೇವಿಯ ಬಾಗಿಲು ಬಡಿಯುವುದೇ ಸುಲಭ ಎನಿಸಿತು. ಈರಣ್ಣನಿಗೆ ಮತ್ತೆ ಫೋನು ಮಾಡಿ, "ಒಬ್ಬರು ಬರ್ತಾರ ಅಂತಷ್ಟ ಹೇಳು, ನನ್ನ ಹೆಸರ ಹೇಳಬ್ಯಾಡ," ಎಂದೆ.

ಗುರುವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಗಂಟು ಕಟ್ಟಿ, ಮೇಲೆ ಒಂದು ಕರದಂಟಿನ ಪೊಟ್ಟಣ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ. ಘಟಪ್ರಭಾ ದಾಟುವವರೆಗೆ ಪಕ್ಕದಲ್ಲಿ ಕುಳಿತ ಅಜ್ಜಿ ಗಂಟನ್ನೇ ನೋಡುತ್ತಿದ್ದಳು.

"ಏನೈತಿಬೇ ಅದರಾಗ?"

"ಕಂಪ್ಯೂಟರ್ರಿ."

"ಏನಾಗೇತಿ ಅದಕ್ಕ?"

"ಎದ್ದೇಳವಲ್ದು."

"ಊಟಾ ಮಾಡತೈತಿಲ್ಲೊ?"

ನಾನು ಸ್ವಲ್ಪ ಯೋಚಿಸಿ, "ಕರೆಂಟ್ ತಗೋತೈತ್ರಿ," ಎಂದೆ.

"ಹಂಗಾರ ಬದುಕತೈತಿ ತಗೊ," ಎಂದು ಅಜ್ಜಿ ಸಮಾಧಾನದಿಂದ ಕಣ್ಣು ಮುಚ್ಚಿದಳು. ದಾರಿಯುದ್ದಕ್ಕೂ ಬಸ್ಸು ಕುಣಿದಾಗಲೆಲ್ಲ ಅವಳ ಒಂದು ಕೈ ಗಂಟಿನ ಮೇಲೆಯೇ ಇತ್ತು.

ಹುಕ್ಕೇರಿಯಲ್ಲಿ ಇಳಿದು, ಗಂಟು ಹೊತ್ತು, ಮಹಾದೇವಿಯ ಮನೆ ಹುಡುಕಿದೆ. ದಾರಿಯಲ್ಲಿ ಮೂರು ಬೇರೆ ಬೇರೆ ಮಾತು ತಯಾರು ಮಾಡಿಕೊಂಡಿದ್ದೆ. ಬಾಗಿಲು ತೆರೆದಾಗ ಮೂರೂ ಮರೆತುಹೋದವು. ಅವಳ ಕೂದಲು ಬೆಳ್ಳಗಾಗಿತ್ತು. ಕನ್ನಡಕ ಮೊದಲಿನದೇ, ಮೂಗಿನ ತುದಿಗೆ ಜಾರಿದ್ದು. ನನ್ನನ್ನು ನೋಡಿದಳು, ಗಂಟನ್ನು ನೋಡಿದಳು. ಆರು ವರ್ಷದ ನಂತರ ನನ್ನ ಗೆಳತಿ ನನಗೆ ಆಡಿದ ಮೊದಲ ಮಾತು ಇದು:

"ಬಯೋಸ್ ಅಪ್ಡೇಟ್ ಮಾಡಲಾರದ ಪ್ರೊಸೆಸರ್ ಬದಲಿ ಮಾಡೀಯೇನ?"

"ಹೂಂ."

"ಓದಲಿಲ್ಲ?"

"ಇಲ್ಲ."

"ಬಾ ಒಳಗ."

ಅವಳು ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಅವಳ ಯಜಮಾನರು ಕೆಲಸಕ್ಕೆ ಹೋಗಿದ್ದರು, ಅವಳಿಗೆ ಅಂದು ರಜೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಆದರೆ ನನ್ನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅವಳ ಕೈಗಳಿಗೆ ಹಳೆಯ ಚುರುಕು ಬಂತು. ಬೋರ್ಡಿನ ಮೇಲೆ ಅಚ್ಚಾಗಿದ್ದ ಸಂಖ್ಯೆಯನ್ನು ಓದಿದಳು, ಚೀಟಿಯಲ್ಲಿ ಬರೆದಳು, ಮತ್ತೊಮ್ಮೆ ಓದಿ ತಾಳೆ ನೋಡಿದಳು. ತನ್ನ ಕಂಪ್ಯೂಟರಿನಲ್ಲಿ ಅದಕ್ಕೆ ಸರಿಯಾದ ಹೊಸ ಬಯೋಸ್ ಹುಡುಕಿ ಪೆನ್‌ಡ್ರೈವಿಗೆ ಇಳಿಸಿದಳು. ಆಮೇಲೆ ತನ್ನ ಯಂತ್ರವನ್ನೇ ಬಂದ್ ಮಾಡಿ ಬಿಚ್ಚಿದಳು. ಮೊನ್ನೆಯಷ್ಟೇ ಹಾಕಿಸಿಕೊಂಡ ಪ್ರೊಸೆಸರು. ಫ್ಯಾನನ್ನು ಎಳೆಯದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ, ಬಿಲ್ಲೆಯನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟಳು.

"ನೀ ಕುಂಡ್ರಸು. ನಿನ್ನ ಕೈ ಸಣ್ಣದೈತಿ."

ಕೂರಿಸಿದೆ. ಪಕ್ಕದ ವೈರನ್ನು ಈ ಸಲ ಮೊದಲೇ ಸಿಕ್ಕಿಸಿದೆ. ಅವಳ ಪರದೆಯನ್ನು ನನ್ನ ಡಬ್ಬಿಗೆ ಜೋಡಿಸಿದೆವು. ಗುಂಡಿ ಒತ್ತಿದಾಗ ಪರದೆ ಬೆಳಗಿತು. ಮೂರು ದಿನದ ಮೇಲೆ ಅಕ್ಷರ ಕಂಡವು. ಮಹಾದೇವಿ ಪೆನ್‌ಡ್ರೈವ್ ಹಾಕಿ, ತೋರಿಸಿದ್ದನ್ನೆಲ್ಲ ಎರಡೆರಡು ಸಲ ಓದಿ, ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಒಂದು ಪಟ್ಟಿ ಮೂಡಿ ತುಂಬತೊಡಗಿತು. ಅದು ತುಂಬುವವರೆಗೆ ಯಂತ್ರ ಆರಬಾರದು, ಆರಿದರೆ ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು ಎಂದು ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು.

ಪಟ್ಟಿ ಅರ್ಧ ತುಂಬಿತ್ತು. ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಕರೆಂಟು ಹೋಯಿತು.

ಮೇಜಿನ ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎನ್ನತೊಡಗಿತು.

"ಎಷ್ಟ ಹೊತ್ತ ತಡೀತೈತಿ ಇದು?" ಎಂದು ಕೇಳಿದೆ.

"ಹೊಸಾದಿದ್ದಾಗ ಇಪ್ಪತ್ತ ನಿಮಿಷ."

"ಈಗ?"

ಅವಳು ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದಳು. ನಾವಿಬ್ಬರೂ ಪರದೆ ನೋಡುತ್ತ ನಿಂತೆವು. ಅರವತ್ತು. ಎಪ್ಪತ್ತು. ಪೆಟ್ಟಿಗೆಯ ಕೂಗು ಅವಸರದ್ದಾಯಿತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ. ಎಂಬತ್ತೆಂಟರಲ್ಲಿ ಪಟ್ಟಿ ನಿಂತೇಬಿಟ್ಟಿತು. ಮತ್ತೆ ಯಾಕೋ ಮನಸ್ಸು ಮಾಡಿ ಹೊರಟು ನೂರು ಮುಟ್ಟಿತು. ಪರದೆ ಕಪ್ಪಾಯಿತು. ಅದು ತಾನಾಗಿ ಮತ್ತೆ ಚಾಲೂ ಆಗಲು ಕಪ್ಪಾಯಿತೋ, ಬ್ಯಾಟರಿ ಸತ್ತು ಕಪ್ಪಾಯಿತೋ ನೋಡುವುದರೊಳಗೆ ಪೆಟ್ಟಿಗೆಯೂ ಸುಮ್ಮನಾಯಿತು. ಇನ್ನು ಕರೆಂಟು ಬರುವ ತನಕ ಏನೂ ತಿಳಿಯುವಂತಿರಲಿಲ್ಲ.

"ರೊಟ್ಟಿ ಉಣ್ಣೂಣ," ಎಂದಳು ಮಹಾದೇವಿ.

ಒಳಗೆ ಸೆಖೆ. ತಾಟು ಹಿಡಿದು ಬಾಗಿಲ ಕಟ್ಟೆಯ ಮೇಲೆ ಕುಳಿತೆವು. ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನಾಲ್ಕು ತುತ್ತು ಉಂಡ ಮೇಲೆ ನಾನೇ ಬಾಯಿ ಬಿಟ್ಟೆ.

"ಆ ಕಾರ್ಡಿಂದು…"

"ಪ್ರೂಫ್ ನಾನ ನೋಡಿದ್ದೆ," ಎಂದಳು.

ನನಗೆ ತಿಳಿಯಲಿಲ್ಲ.

"ಮರತೀಯೇನ? ನೀ ಕಳಿಸಿದ ಪ್ರೂಫ್ ಎರಡ ಸಲ ಓದಿ, ಎಲ್ಲಾ ಬರೋಬರಿ ಐತಿ ಅಂತ ಸಹಿ ಮಾಡಿ ಕಳಿಸಿದಾಕಿ ನಾನ. ಜಗತ್ತಿನ ಎಲ್ಲಾರ ತಪ್ಪ ತಿದ್ದಾಕಿ, ಮಗಳ ಲಗ್ನದ ಕಾರ್ಡಿನ್ಯಾಗಿಂದು ಕಾಣಲಿಲ್ಲ. ನನ್ನ ಮ್ಯಾಲ ಬಂದ ಸಿಟ್ಟು ಅದು. ನಿನ್ನ ಮ್ಯಾಲ ಹಾಕಿದೆ, ಅಷ್ಟ."

"ಹಂಗಾರ ಆರ ವರ್ಷ ಯಾಕ ಮಾತಾಡಲಿಲ್ಲ?"

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅದು ಕಾರ್ಡಿಗಲ್ಲ. ನೀ ಲಗ್ನಕ್ಕ ಬರಲಿಲ್ಲ. ಅಕ್ಕಿಕಾಳ ಹಾಕೂ ಹೊತ್ತಿನ್ಯಾಗ ನಾ ಮಂಟಪದ ಬಾಗಲಾ ನೋಡಕೋತ ನಿಂತಿದ್ದೆ. ಅಯ್ಯನೋರು ಎರಡ ಸಲ ಕರದರಂತ, ನನಗ ಕೇಳಿಸಲೇ ಇಲ್ಲ."

ಜ್ವರ ಬಂದಿತ್ತು ಎನ್ನುವ ಸುಳ್ಳು ನನ್ನ ಬಾಯಿಯ ತನಕ ಬಂದಿತ್ತು. ಅದನ್ನು ರೊಟ್ಟಿಯ ಜೊತೆ ನುಂಗಿದೆ.

"ನಾಚಿಕಿ ಆಗಿತ್ತವ್ವಾ," ಎಂದೆ.

"ನಾಚಿಕಿ ಆದ್ರ ಹಿಂದಿನ ಸಾಲಿನ್ಯಾಗ ಕುಂಡ್ರಬೇಕಿತ್ತು. ಬರಬೇಕಿತ್ತು."

"ಹೌದು. ಬರಬೇಕಿತ್ತು."

ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಬೀದಿಯ ಕಡೆ ನೋಡುತ್ತ, "ನಮ್ಮ ಅಳಿಯಾ ಅದಾನಲ್ಲ," ಎಂದಳು. "ಬಂದಾಗೊಮ್ಮೆ ಹೊಸ್ತಲದಾಗ ನಿಂತು ಏನಂತಾನ ಗೊತ್ತೈತೇನ? ‘ಅತ್ತಿ, ಸುಸ್ತಾಗತ’ ಅಂತಾನ. ನಾ ನೀರ ಕೊಡೂತನಕ ಒಳಗ ಬರಂಗಿಲ್ಲ. ಮೊಮ್ಮಗಳೂ ಅದನ್ನ ಕಲತಾಳ. ಫೋನ್ ಎತ್ತಿದ್ರ ಮೊದಲ ಅದನ್ನ ಅಂತಾಳ."

ನಾನು ತಡೆದುಕೊಂಡೆ. ಈ ಸಲ ನಿಜವಾಗಿ ತಡೆದುಕೊಂಡೆ. ಮೊದಲು ನಕ್ಕದ್ದು ಅವಳು. ಆಮೇಲೆ ನಾನು. ಉಳ್ಳಾಗಡ್ಡಿಯ ಘಾಟಿಗೋ ಏನೋ, ಇಬ್ಬರ ಕಣ್ಣಲ್ಲೂ ನೀರು. ಎದುರು ಮನೆಯ ಹೆಂಗಸು ಹೊರಗೆ ಬಂದು ನೋಡಿ ತಾನೂ ನಕ್ಕು ಒಳಗೆ ಹೋದಳು. ಮನೆಯೊಳಗೆ ಫ್ಯಾನು ಕಿರ್ರೆಂದು ತಿರುಗಿದ ಸದ್ದು ಕೇಳಿದಾಗ ನಾವು ಎಂಜಲುಗೈಯಲ್ಲೇ ಓಡಿದೆವು.

"ಕೈ ತೊಳಕೊ," ಎಂದು ಅವಳು ಬಾಗಿಲಲ್ಲೇ ತಡೆದಳು.

ಕೈ ತೊಳೆದು ಗುಂಡಿ ಒತ್ತಿದೆ. ಒಂದು, ಎರಡು, ಮೂರು. ಪರದೆ ಬೆಳಗಿತು. ಮೂಲೆಯಲ್ಲಿ ಬಯೋಸಿನ ಹೊಸ ಸಂಖ್ಯೆ. ಬಂದ್ ಮಾಡಿ, ಹಳೆಯ ಬಿಲ್ಲೆ ತೆಗೆದು, ಹೊಸದನ್ನು ಕೂರಿಸಿ, ಮತ್ತೆ ಒತ್ತಿದೆ. ಈ ಸಲ ಸ್ವಲ್ಪ ತಡವಾಯಿತು. ಹೊಸ ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಹೊತ್ತು. ಆಮೇಲೆ ಹೊಸ ಪ್ರೊಸೆಸರಿನ ಹೆಸರು ಪರದೆಯ ಮೇಲೆ ಬಂತು. ಮಾಸ್ತರರ ಪುಸ್ತಕ ತೆರೆದೆ. ಚಿತ್ರಗಳು, ಹುಂಜ, ಎತ್ತು, ಬಸ್ಸು, ಒಂದಾದ ಮೇಲೊಂದು ಸರ್ರನೆ ಸರಿದುಹೋದವು. ಮಹಾದೇವಿ ಮಗುವಿನಂತೆ ಮತ್ತೆ ಮತ್ತೆ ಪುಟ ತಿರುಗಿಸಿ ನೋಡಿದಳು.

ಇನ್ನು ಅವಳ ಯಂತ್ರ. ಅವಳ ಪ್ರೊಸೆಸರನ್ನು ಮರಳಿ ನಾನೇ ಕೂರಿಸಿದೆ, ಫ್ಯಾನು ಬಿಗಿದೆ, ಗುಂಡಿ ಒತ್ತಿದೆ. ಪರದೆ ಕಪ್ಪು. ಮಹಾದೇವಿ ಪ್ರೊಸೆಸರಿನ ಪಕ್ಕದಲ್ಲಿ ಜೋತು ಬಿದ್ದಿದ್ದ ವೈರಿನ ಕಡೆ ಬೆರಳು ತೋರಿಸಿದಳು.

ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಗಂಟು ಕಟ್ಟುವಾಗ ಅವಳು ಕೇಳಿದಳು, "ಈ ಪುಸ್ತಕದ ಪ್ರೂಫ್ ಯಾರ ನೋಡ್ಯಾರ?"

"ನಾನ ನೋಡೇನಿ."

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಯಜಮಾನರಿಗೆ ಫೋನು ಮಾಡಿದಳು. ಎರಡು ಸೀರೆ ಮತ್ತು ಕೆಂಪು ಪೆನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಿಗೆ ಕೀಲಿ ಹಾಕಿ ಹೊರಟೇಬಿಟ್ಟಳು. ಬಸ್ಸಿನಲ್ಲಿ ಗಂಟು ಇಬ್ಬರ ತೊಡೆಯ ಮೇಲೂ ಅರ್ಧರ್ಧ. ಶುಕ್ರವಾರ ಇಡೀ ದಿನ ಅವಳು ಓದಿದಳು, ನಾನು ತಿದ್ದಿದೆ, ಇಕ್ಬಾಲ್ ಚಹಾ ಮಾಡಿದರು. ಎಪ್ಪತ್ತೊಂದು ತಪ್ಪು ಸಿಕ್ಕವು. ಶನಿವಾರ ಪುಟಗಳು ಅಚ್ಚಿಗೆ ಹೋದವು.

ಮುಂದಿನ ರವಿವಾರ ಮಮದಾಪುರಕ್ಕೆ ನಾವಿಬ್ಬರೂ ಹೋಗಿ ಮೊದಲ ಸಾಲಿನಲ್ಲೇ ಕುಳಿತೆವು. ಶಾಲೆಯ ಅಂಗಳದ ತುಂಬ ಮಕ್ಕಳು. ಪುಸ್ತಕ ಕೈಗೆ ಬಂದ ಕೂಡಲೇ ಮಹಾದೇವಿ ಭಾಷಣದ ಕಡೆ ಗಮನ ಕೊಡದೆ ತಪ್ಪು ಹುಡುಕತೊಡಗಿದಳು. ನಾನು ಮೊಣಕೈಯಿಂದ ತಿವಿದರೂ ಬಿಡಲಿಲ್ಲ. ವೇದಿಕೆಯ ಮೇಲೆ ಕಲ್ಲಪ್ಪ ಮಾಸ್ತರರು, ಬಿಳಿ ಮೀಸೆ, ಬಿಳಿ ಟೋಪಿ, ಕಣ್ಣು ಮುಚ್ಚಿ ತಮ್ಮ ಪದ್ಯ ಬಾಯಿಪಾಠ ಹೇಳುತ್ತಿದ್ದರು:

ಅಜ್ಜ ಮೀಸೆ ತಿರುವಿದ
ಬೆಕ್ಕು ನೋಡಿ ಕಲಿಯಿತು

ಮಹಾದೇವಿಯ ಉಗುರು ನನ್ನ ಪುಸ್ತಕದ ಅದೇ ಪುಟದ ಮೇಲೆ ಬಂದು ನಿಂತಿತು. ಒಂದು ಗುಡಿಸು ಹೆಚ್ಚಾಗಿತ್ತು. ಮಕ್ಕಳು ಬರೆದ ಚಿತ್ರದ ಕೆಳಗೆ, ಚೆಂದದ ದಪ್ಪ ಅಕ್ಷರದಲ್ಲಿ, ಅಜ್ಜಿ ಮೀಸೆ ತಿರುವಿದ್ದಳು. ಮಹಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕರವಸ್ತ್ರ ಒತ್ತಿಕೊಂಡೆ. ಕುರ್ಚಿಗಳು ಅಲುಗಾಡತೊಡಗಿದವು. ಮಾಸ್ತರರು ಕಣ್ಣು ತೆರೆದು ನಮ್ಮನ್ನು ನೋಡಿದರು. ತಮ್ಮ ಪದ್ಯಕ್ಕೆ ಮೊದಲ ಸಾಲಿನಲ್ಲಿ ಇಬ್ಬರು ಹೆಂಗಸರು ಹೀಗೆ ಕಣ್ಣೀರು ಬರುವಂತೆ ನಗುತ್ತಿದ್ದಾರೆಂದು ಅವರ ಮುಖ ಅರಳಿತು. ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಒಂದು ಕೈಯಿಂದ ತಮ್ಮ ಮೀಸೆಯನ್ನು ತಿರುವುತ್ತ, ಪದ್ಯವನ್ನು ಮೊದಲಿನಿಂದ ಮತ್ತೊಮ್ಮೆ ಶುರು ಮಾಡಿದರು.